ಹಿಂದಿನ ಶಾಕ್ ಸರ್ವಿಸ್: ಮನೆಯಲ್ಲಿ ಮಾಡುವುದೆಷ್ಟು, ಬಿಡುವುದೆಷ್ಟು

ಮದ್ದೂರಿನಿಂದ ವೈದ್ಯನಾಥಪುರಕ್ಕೆ ಕೆಲವೇ ಕಿಲೋಮೀಟರು. ಶಿಂಷಾ ದಂಡೆಯ ವೈದ್ಯನಾಥೇಶ್ವರನ ಗುಡಿಯ ಕಡೆಗೆ ಹೋಗುವ ರಸ್ತೆ ಬಿಟ್ಟು ಗದ್ದೆಬಯಲಿಗೆ ಇಳಿದರೆ ಸಿಗುವುದು ಚಾನಲ್ ಏರಿ, ಗಾಡಿದಾರಿ, ಕಬ್ಬಿನ ಟ್ರ್ಯಾಕ್ಟರ್ ಓಡಾಡಿ ಗುಂಡಿ ಬಿದ್ದ ಜಾಡು. ಮೌಂಟನ್ ಬೈಕ್ ಓಡಿಸುವವರಿಗೆ ಬೇಕಾದದ್ದೂ ಇಂಥ ದಾರಿಯೇ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಕ್ಕೆ ಬೈಕು, ಆಟೊ, ಟ್ರ್ಯಾಕ್ಟರುಗಳ ಜೊತೆಗೆ ಸೈಕಲ್ಲಿಗೂ ಪ್ರವೇಶವಿಲ್ಲ. ಹೀಗಾಗಿ ಈ ಭಾಗದಲ್ಲಿ ಸೈಕಲ್ ತುಳಿಯುವವರ ಪಾಲಿಗೆ ಉಳಿದಿರುವುದು ಸರ್ವಿಸ್ ರಸ್ತೆ, ಇಲ್ಲವೇ ಊರೊಳಗಿನ ದಾರಿ.

ಈ ದಾರಿಗಳಲ್ಲಿ ಸೈಕಲ್ಲಿನ ಯಾವ ಭಾಗಕ್ಕೆ ಹೆಚ್ಚು ಪೆಟ್ಟು ಎಂದು ಕೇಳಿದರೆ ಹಲವರು ಟೈರು, ಚೈನು ಎನ್ನುತ್ತಾರೆ. ಅವು ಸವೆದದ್ದು ಕಣ್ಣಿಗೆ ಕಾಣುತ್ತದೆ. ಸೀಟಿನ ಕೆಳಗೆ ಕೂತ ಶಾಕ್ ಅಬ್ಸಾರ್ಬರ್ ಮಾತ್ರ ಸದ್ದಿಲ್ಲದೆ ಸವೆಯುತ್ತದೆ, ಒಳಗೆ ಗೀರು ಬಿದ್ದ ಮೇಲೆ ಗೊತ್ತಾಗುತ್ತದೆ. ಅದರ ಅರ್ಧ ಸರ್ವಿಸನ್ನು ಮನೆಯ ಜಗುಲಿಯಲ್ಲೇ ಮಾಡಬಹುದು. ಉಳಿದರ್ಧಕ್ಕೆ ಕೈ ಹಾಕಬಾರದು. ಇವೆರಡರ ನಡುವಿನ ಗೆರೆ ಎಲ್ಲಿದೆ ಎಂಬುದೇ ಈ ಲೇಖನದ ವಿಷಯ.

ಮೊದಲು ನಿಮ್ಮದು ಯಾವ ಶಾಕ್ ನೋಡಿ

ಸೈಕಲ್ ಅಂಗಡಿಗಳಲ್ಲಿ ‘ಡಬಲ್ ಶಾಕ್’ ಎಂದು ಮಾರುವ ಅಗ್ಗದ ಸೈಕಲ್ಲುಗಳಲ್ಲಿ ಫ್ರೇಮಿನ ನಡುವೆ ಕಾಣುವುದು ದಪ್ಪ ಸುರುಳಿ ಸ್ಪ್ರಿಂಗ್. ಬಹುಪಾಲು ಅದರೊಳಗೆ ಎಣ್ಣೆಯೂ ಇಲ್ಲ, ಡ್ಯಾಂಪರೂ ಇಲ್ಲ. ಅದುಮಿದರೆ ಕುಗ್ಗುತ್ತದೆ, ಬಿಟ್ಟರೆ ಚಿಮ್ಮುತ್ತದೆ, ಅಷ್ಟೇ. ಇದಕ್ಕೆ ಸರ್ವಿಸ್ ಎನ್ನುವಂಥದ್ದೇನೂ ಇಲ್ಲ: ಮಣ್ಣು ತೊಳೆದು, ಎರಡೂ ತುದಿಯ ಬುಷ್‌ಗೆ ಗ್ರೀಸ್ ಹಚ್ಚಿ, ಬೋಲ್ಟ್ ಬಿಗಿಮಾಡಿದರೆ ಮುಗಿಯಿತು. ನನ್ನ ಅಭಿಪ್ರಾಯ ಕೇಳಿದರೆ, ಆ ಬೆಲೆಗೆ ಹಿಂದಿನ ಶಾಕ್ ಇಲ್ಲದ ಸೈಕಲ್ಲೇ ಮೇಲು. ಭಾರವೂ ಕಡಿಮೆ, ತುಳಿದ ಶಕ್ತಿ ಸ್ಪ್ರಿಂಗಿನಲ್ಲಿ ಪೋಲಾಗುವುದೂ ಇಲ್ಲ. 2006-07ರಲ್ಲಿ ಶುರುವಾದ ಯೋಜನೆಯಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಕೊಟ್ಟ ಸೈಕಲ್ಲುಗಳಿಗೆ ಯಾವ ಶಾಕೂ ಇರಲಿಲ್ಲ. ಇದೇ ದಾರಿಗಳಲ್ಲಿ ಮಕ್ಕಳು ಅವನ್ನು ತುಳಿದುಕೊಂಡೇ ಹೈಸ್ಕೂಲಿಗೆ ಹೋದರು.

ಈ ಲೇಖನ ಇನ್ನೊಂದು ಬಗೆಯದ್ದಕ್ಕೆ. ಸ್ಪ್ರಿಂಗ್ ಕಾಣದೆ, ನುಣುಪಾದ ಅಲ್ಯೂಮಿನಿಯಂ ಡಬ್ಬಿಯಂತಿದ್ದು, ಪಕ್ಕದಲ್ಲಿ ಕಪ್ಪು ಮುಚ್ಚಳದ ವಾಲ್ವ್ ಇದ್ದರೆ ಅದು ಗಾಳಿಯ ಶಾಕ್. ಫಾಕ್ಸ್, ರಾಕ್‌ಶಾಕ್ಸ್, ಸನ್‌ಟೂರ್ ಮುಂತಾದ ಕಂಪನಿಗಳದ್ದು ಹೆಚ್ಚು ಬಳಕೆಯಲ್ಲಿವೆ. ಫಾಕ್ಸ್ 1974ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೋಟೊಕ್ರಾಸ್ ಬೈಕುಗಳಿಗೆ ಶಾಕ್ ಮಾಡುತ್ತಾ ಹುಟ್ಟಿದ ಕಂಪನಿ, ರಾಕ್‌ಶಾಕ್ಸ್ 1989ರದ್ದು. ಮೋಟಾರು ಬೈಕಿನಿಂದ ಸೈಕಲ್ಲಿಗೆ ಬಂದ ವಿದ್ಯೆ ಇದು.

ಗಾಳಿಯ ಸ್ಪ್ರಿಂಗು, ಎಣ್ಣೆಯ ಬ್ರೇಕು

ಒಂದೇ ಶಾಕಿನಲ್ಲಿ ಎರಡು ಯಂತ್ರಗಳಿವೆ. ಹೊರಗಿನದು ಗಾಳಿಯ ಡಬ್ಬಿ, ಅಂದರೆ ಏರ್ ಕ್ಯಾನ್. ಸೈಕಲ್ ಪಂಪಿನ ತುದಿಗೆ ಹೆಬ್ಬೆರಳು ಒತ್ತಿ ಹಿಡಿಯನ್ನು ಅದುಮಿದರೆ ಗಾಳಿ ಹಿಂದಕ್ಕೆ ತಳ್ಳುತ್ತದಲ್ಲ, ಇಲ್ಲಿ ನಡೆಯುವುದೂ ಅದೇ. ಕ್ಯಾನಿನೊಳಗೆ ಎರಡು ಕೋಣೆ. ದೊಡ್ಡದರಲ್ಲಿ ಸವಾರನ ಭಾರ ಹೊರುವ ಗಾಳಿ. ಚಿಕ್ಕದು ‘ನೆಗೆಟಿವ್’ ಕೋಣೆ. ಅದು ಎದುರು ದಿಕ್ಕಿನಿಂದ ತಳ್ಳಿ, ಸಣ್ಣ ಕಲ್ಲಿಗೂ ಶಾಕ್ ಸುಲಭವಾಗಿ ಕುಗ್ಗುವಂತೆ ಮಾಡುತ್ತದೆ.

ಒಳಗಿನ ಯಂತ್ರ ಡ್ಯಾಂಪರ್. ಪಿಸ್ಟನ್ನು ಎಣ್ಣೆಯೊಳಗೆ ಓಡಾಡುತ್ತದೆ. ಎಣ್ಣೆ ಸಣ್ಣ ರಂಧ್ರಗಳಿಂದಲೂ ತೆಳು ಉಕ್ಕಿನ ಬಿಲ್ಲೆಗಳ ಸಂದಿನಿಂದಲೂ ನುಸುಳಬೇಕು. ಆ ತಡೆಯಿಂದ ಚಲನೆಯ ಶಕ್ತಿ ಬಿಸಿಯಾಗಿ ಹೋಗುತ್ತದೆ, ಸೈಕಲ್ ಕುದುರೆಯಂತೆ ಕುಣಿಯುವುದಿಲ್ಲ. ಎಣ್ಣೆಯಲ್ಲಿ ನೊರೆ ಏಳದಂತೆ ತಡೆಯಲು, ತೇಲುವ ಒಂದು ಪಿಸ್ಟನ್ನಿನ ಹಿಂದೆ ನೂರಾರು ಪಿಎಸ್‌ಐ ಒತ್ತಡದಲ್ಲಿ ನೈಟ್ರೋಜನ್ ತುಂಬಿರುತ್ತಾರೆ.

ಮನೆಯಲ್ಲಿ ಮಾಡುವುದು ಹೊರಗಿನ ಗಾಳಿಯ ಕ್ಯಾನಿನ ಕೆಲಸ. ಡ್ಯಾಂಪರ್ ನಮ್ಮದಲ್ಲ.

ಇಷ್ಟೊಂದು ಒತ್ತಡ ಯಾಕೆ ಬೇಕು ಎಂಬುದಕ್ಕೆ ಲೆಕ್ಕ ಸುಲಭ. ಹಿಂದಿನ ಚಕ್ರ 120 ಮಿ.ಮೀ. ಮೇಲೇಳುವ ಸೈಕಲ್ಲಿನಲ್ಲಿ ಶಾಕ್ ಕುಗ್ಗುವುದು ಸುಮಾರು 50 ಮಿ.ಮೀ. ಅಂದರೆ ಚಕ್ರದ ಮೇಲಿನ ಬಲ ಶಾಕಿಗೆ ಬರುವಾಗ 2.4 ಪಟ್ಟು. 70 ಕೆ.ಜಿ. ಸವಾರನ ಭಾರದಲ್ಲಿ ಶೇ 60ರಷ್ಟು ಹಿಂದಕ್ಕೆ ಬೀಳುತ್ತದೆಂದರೂ ಸುಮ್ಮನೆ ಕೂತಾಗಲೇ ಶಾಕಿನ ಮೇಲೆ ಸುಮಾರು 100 ಕೆ.ಜಿ. ಅದಕ್ಕೇ ಕಾರಿನ ಟೈರಿಗೆ 30-35 ಪಿಎಸ್‌ಐ ಸಾಕಾದರೆ ಅಂಗೈಯಷ್ಟು ಉದ್ದದ ಶಾಕಿಗೆ 150, 200 ಪಿಎಸ್‌ಐ ಬೇಕಾಗುತ್ತದೆ.

ಕೆಡಿಸುವುದು ದೂಳು, ಕೊಲ್ಲುವುದು ವಾಟರ್ ಸರ್ವಿಸ್

ಕ್ಯಾನಿನ ಬಾಯಲ್ಲಿ ವೈಪರ್ ಸೀಲ್ ಎಂಬ ರಬ್ಬರ್ ಬಳೆಯಿದೆ. ಶಾಕ್ ಕುಗ್ಗುವಾಗ ಹೊಳೆಯುವ ದಂಡಕ್ಕೆ ಅಂಟಿದ ದೂಳನ್ನು ಒರೆಸಿ ಹೊರಗಿಡುವುದು ಅದರ ಕೆಲಸ. ನಮ್ಮ ಕೆಮ್ಮಣ್ಣಿನ ಮರಳುಮಿಶ್ರಿತ ದೂಳು ಸಾಣೆಕಾಗದದ ಪುಡಿಗೆ ಸಮ. ಕಬ್ಬು ಕಡಿಯುವ ಕಾಲದಲ್ಲಿ ಟ್ರ್ಯಾಕ್ಟರ್ ಹಿಂದೆ ಒಂದು ಮೈಲಿ ತುಳಿದವರಿಗೆ ಆ ದೂಳು ಎಷ್ಟು ನವಿರು ಎಂಬುದು ಗೊತ್ತು. ವಿ.ಸಿ. ನಾಲೆಯ ಕಡೆಯ ಏರಿಗಳಲ್ಲಿ ಇದೇ ದೂಳು, ಹೊಸ ಮಳೆಗೆ ಕೆಸರು. ಮಳೆಗಾಲಕ್ಕಿಂತ ಬೇಸಿಗೆಯೇ ಸೀಲಿಗೆ ಹೆಚ್ಚು ಕಷ್ಟ.

ಅದಕ್ಕಿಂತ ದೊಡ್ಡ ಶತ್ರು ಬೈಕು ತೊಳೆಯುವ ವಾಟರ್ ಸರ್ವಿಸ್ ಅಂಗಡಿಯ ಪ್ರೆಷರ್ ಗನ್. ಒಳಗಿನ ಗಾಳಿ ಹೊರಬಾರದಂತೆ ತಡೆಯುವುದಕ್ಕೆ ಮಾಡಿದ ಸೀಲು ಹೊರಗಿನಿಂದ ನುಗ್ಗುವ ನೀರಿಗೆ ಅಷ್ಟು ಗಟ್ಟಿಯಲ್ಲ. ಗನ್ ಹಿಡಿದರೆ ನೀರು ದೂಳನ್ನೂ ಜೊತೆಗೆ ಕರೆದುಕೊಂಡು ಒಳಹೋಗುತ್ತದೆ. ಸೈಕಲ್ಲಿಗೆ ಒಂದು ಬಕೆಟ್ ನೀರು, ಸೋಪಿನ ನೊರೆ, ಹಳೆ ಬ್ರಷ್ ಸಾಕು. ತೊಳೆದ ಮೇಲೆ ಬಟ್ಟೆಯಿಂದ ದಂಡವನ್ನು ಒರೆಸಿಬಿಡಿ.

ಯಾವಾಗ ಬಿಚ್ಚಬೇಕು

ಕಂಪನಿಗಳು ಕಿಲೋಮೀಟರಿನ ಲೆಕ್ಕ ಕೊಡುವುದಿಲ್ಲ, ಗಂಟೆಯ ಲೆಕ್ಕ ಕೊಡುತ್ತವೆ. ರಾಕ್‌ಶಾಕ್ಸ್ ತನ್ನ ಶಾಕುಗಳ ಏರ್ ಕ್ಯಾನಿಗೆ 50 ಗಂಟೆಗೊಮ್ಮೆ, ಈಚಿನ ಮಾದರಿಗಳ ಡ್ಯಾಂಪರಿಗೆ 200 ಗಂಟೆಗೊಮ್ಮೆ ಸರ್ವಿಸ್ ಹೇಳುತ್ತದೆ. ಫಾಕ್ಸ್ ಪೂರ್ತಿ ಸರ್ವಿಸಿಗೆ 125 ಗಂಟೆ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಎನ್ನುತ್ತದೆ. ಶನಿವಾರ ಎರಡು ಗಂಟೆ, ಭಾನುವಾರ ಎರಡು ಗಂಟೆ ಓಡಿಸುವವರಿಗೆ 50 ಗಂಟೆ ಎಂದರೆ ಮೂರು ತಿಂಗಳು. ದೂಳಿನ ದಾರಿಯವರು ಅದನ್ನು ಮೀರಿಸದಿರುವುದು ಒಳ್ಳೆಯದು.

ಗಂಟೆ ಲೆಕ್ಕ ಇಡದವರಿಗೆ ಶಾಕೇ ಹೇಳುತ್ತದೆ. ವಾರಕ್ಕೊಮ್ಮೆ ಗಾಳಿ ಇಳಿಯುವುದು, ಮೊದಲು ಹೀರಿಕೊಳ್ಳುತ್ತಿದ್ದ ಸಣ್ಣ ಕಲ್ಲುಗಳು ಸೊಂಟಕ್ಕೆ ತಾಗುವುದು, ದಂಡದ ಮೇಲೆ ಕಪ್ಪು ಜಿಡ್ಡಿನ ಉಂಗುರ ಕೂರುವುದು: ಇವು ಏರ್ ಕ್ಯಾನಿನ ದೂರುಗಳು. ಕುಗ್ಗುವಾಗ ‘ಚಪ್ ಚಪ್’ ಎನ್ನುವುದು, ಶಾಕ್ ಮರಳಿ ಚಾಚುವ ವೇಗ ಹೊಂದಿಸುವ ರಿಬೌಂಡ್ ಗುಬುಟನ್ನು ಎತ್ತ ತಿರುಗಿಸಿದರೂ ವ್ಯತ್ಯಾಸ ಕಾಣದಿರುವುದು ಡ್ಯಾಂಪರಿನ ದೂರು.

ಬೇಕಾದ ಸಾಮಾನು

ನಿಮ್ಮ ಶಾಕಿನ ಸೀಲ್ ಕಿಟ್ ಮೊದಲು ಬೇಕು. ಇದು ಮಾದರಿ, ವರ್ಷ ಎರಡಕ್ಕೂ ಹೊಂದಬೇಕು. ಫಾಕ್ಸ್ ಶಾಕಿನ ಮೇಲೆ ನಾಲ್ಕಕ್ಷರದ ಒಂದು ಗುರುತು, ರಾಕ್‌ಶಾಕ್ಸಿನ ಮೇಲೆ ಸೀರಿಯಲ್ ನಂಬರ್ ಇರುತ್ತದೆ. ಅದನ್ನು ಕೊಟ್ಟು ತರಿಸಿ. ಹಾರ್ಡ್‌ವೇರ್ ಅಂಗಡಿಯ ಓ-ರಿಂಗ್ ಅಳತೆಗೆ ಸರಿ ಕಂಡರೂ ಇಲ್ಲಿಗೆ ಬೇಡ. ಅರ್ಧ ಮಿಲಿಮೀಟರ್ ವ್ಯತ್ಯಾಸಕ್ಕೆ 200 ಪಿಎಸ್‌ಐ ನಿಲ್ಲುವುದಿಲ್ಲ.

ಎರಡನೆಯದು ಶಾಕ್ ಪಂಪ್. ಪಂಚರ್ ಅಂಗಡಿಯ ಕಂಪ್ರೆಸರ್ ಇದಕ್ಕೆ ಆಗುವುದಿಲ್ಲ. ವಾಲ್ವ್ ಕಾರು, ಬೈಕಿನದ್ದೇ ಆದ್ದರಿಂದ ಪೈಪು ಕೂರುತ್ತದೆ, ನಿಜ. ಆದರೆ ಬೇಕಾದಷ್ಟು ಒತ್ತಡ ಅದರಿಂದ ಬರುವುದಿಲ್ಲ. ಕ್ಯಾನಿನೊಳಗಿನ ಜಾಗ ಎಷ್ಟು ಕಡಿಮೆಯೆಂದರೆ ಒಂದು ಕ್ಷಣ ಜಾಸ್ತಿ ಹಿಡಿದರೂ ಲೆಕ್ಕ ತಪ್ಪುತ್ತದೆ. ಪಂಚರ್ ಅಂಗಡಿಯಿಂದ ತರಬೇಕಾದದ್ದು ವಾಲ್ವ್ ಪಿನ್ ಬಿಚ್ಚುವ ಪುಟ್ಟ ಕೀ ಮಾತ್ರ.

ಮಿಕ್ಕದ್ದು: ಆಲನ್ ಕೀ ಸೆಟ್ಟು, ಹಳೆಯ ಟ್ಯೂಬಿನ ಒಂದು ತುಂಡು, ನೂಲು ಬಿಡದ ಬಟ್ಟೆ, ಐಸೊಪ್ರೊಪೈಲ್ ಆಲ್ಕೊಹಾಲ್, ಸಸ್ಪೆನ್ಷನ್ ಗ್ರೀಸ್, ಕಂಪನಿ ಹೇಳಿದ ಎಣ್ಣೆ ಒಂದೆರಡು ಮಿ.ಲೀ., ಸೂಜಿಯಿಲ್ಲದ ಸಿರಿಂಜು, ಕಣ್ಣಿಗೆ ಕನ್ನಡಕ. ಪೆಟ್ರೋಲ್, ಥಿನ್ನರ್ ದೂರವಿಡಿ, ಅವು ರಬ್ಬರನ್ನು ಉಬ್ಬಿಸುತ್ತವೆ. ತೆಂಗಿನ ನಾಡಿನವರಿಗೆ ಇನ್ನೊಂದು ಮಾತು: ಕೊಬ್ಬರಿ ಎಣ್ಣೆ ಹಾಕಬೇಡಿ. ಅದು 24 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೆಪ್ಪುಗಟ್ಟುತ್ತದೆ, ಮಾಗಿಯ ಬೆಳಗಿನಲ್ಲಿ ನಮ್ಮಲ್ಲಿ ಅದಕ್ಕಿಂತ ತಣ್ಣಗಿರುತ್ತದೆ.

ಗಾಳಿ ಇಳಿಸುವಾಗ ಅವಸರ ಬೇಡ

ಬಿಚ್ಚುವ ಮೊದಲು ಎರಡು ಸಂಖ್ಯೆ ಬರೆದಿಟ್ಟುಕೊಳ್ಳಿ: ಈಗಿನ ಒತ್ತಡ ಎಷ್ಟು, ಮತ್ತು ರಿಬೌಂಡ್ ಗುಬುಟು ಪೂರ್ತಿ ಮುಚ್ಚಿದಲ್ಲಿಂದ ಎಷ್ಟು ಕ್ಲಿಕ್ ತೆರೆದಿದೆ. ಆಮೇಲೆ ಶಾಕ್ ಪೂರ್ತಿ ಚಾಚಿದ ಸ್ಥಿತಿಯಲ್ಲಿರುವಾಗ ವಾಲ್ವ್ ಪಿನ್ ಒತ್ತಿ, ಗಾಳಿಯನ್ನು ನಿಧಾನಕ್ಕೆ ಬಿಡಿ. ಎರಡು ಕೋಣೆಗಳ ನಡುವಿನ ದಾರಿ ತೆರೆಯುವುದು ಶಾಕ್ ತುಸು ಕುಗ್ಗಿದ ಒಂದು ಜಾಗದಲ್ಲಿ ಮಾತ್ರ. ಒಮ್ಮೆಲೇ ಗಾಳಿ ಬಿಟ್ಟರೆ ದೊಡ್ಡ ಕೋಣೆ ಖಾಲಿಯಾಗಿ, ನೆಗೆಟಿವ್ ಕೋಣೆಯಲ್ಲಿ ಗಾಳಿ ಸಿಕ್ಕಿಬೀಳಬಹುದು.

ಶಾಕನ್ನು ಫ್ರೇಮಿನಿಂದ ಬಿಚ್ಚಿ, ಕೈಯಲ್ಲಿ ಕಾಲು ಭಾಗ ಅದುಮಿ ಬಿಡಿ, ಮತ್ತೆ ಪಿನ್ ಒತ್ತಿ. ‘ಸುಸ್’ ಎನ್ನುವುದು ನಿಲ್ಲುವವರೆಗೂ ಹೀಗೆ ಮಾಡಿ, ಕೊನೆಗೆ ಪಿನ್ನನ್ನೇ ಬಿಚ್ಚಿ ತೆಗೆಯಿರಿ.

ಒತ್ತಡ ಉಳಿದಿದ್ದರೆ ಏನಾಗುತ್ತದೆ? 200 ಪಿಎಸ್‌ಐ ಎಂದರೆ ಒಂದು ಚದರ ಸೆಂಟಿಮೀಟರಿಗೆ 14 ಕೆ.ಜಿ. ಕ್ಯಾನಿನ ಒಳ ಅಡ್ಡಳತೆ 4 ಸೆಂ.ಮೀ. ಇದ್ದರೆ ಅದರ ಮೇಲಿನ ಬಲ ಒಂದೂಮುಕ್ಕಾಲು ಕ್ವಿಂಟಲ್. ಕೊನೆಯ ಮರೆ (ಥ್ರೆಡ್) ಬಿಟ್ಟ ಗಳಿಗೆಯಲ್ಲಿ ಆ ಬಲವೆಲ್ಲ ನಿಮ್ಮ ಮುಖದ ಕಡೆಗೆ. ಗಾಳಿ ಬಿಟ್ಟ ಮೇಲೂ ಶಾಕ್ ಕುಗ್ಗಿಕೊಂಡೇ ಕೂತು, ಎಳೆದರೂ ಚಾಚದಿದ್ದರೆ ನೆಗೆಟಿವ್ ಕೋಣೆಯಲ್ಲಿ ಗಾಳಿ ಸಿಕ್ಕಿದೆ ಎಂದರ್ಥ. ಅಂಥದ್ದನ್ನು ಯಾವ ಕಾರಣಕ್ಕೂ ತಿರುಗಿಸಿ ಬಿಚ್ಚಬೇಡಿ, ಸರ್ವಿಸ್ ಸೆಂಟರಿಗೆ ಕಳಿಸಿ.

ಕ್ಯಾನ್ ಬಿಚ್ಚಿದಾಗ

ವಾಲ್ವ್ ಇರುವ ತಲೆಯ ಕಡೆಯ ಕಣ್ಣಿಗೆ, ಅಂದರೆ ಬೋಲ್ಟ್ ಕೂರುವ ತೂತಿಗೆ, ಎರಡು ಮರದ ಚಕ್ಕೆ ಕೊಟ್ಟು ವೈಸ್‌ನಲ್ಲಿ ಹಿಡಿಸಿ. ವೈಸ್ ಇಲ್ಲದಿದ್ದರೆ ಆ ತೂತಿಗೆ ಗಟ್ಟಿ ಕಂಬಿ ತೂರಿಸಿ ಇನ್ನೊಬ್ಬರು ಹಿಡಿದುಕೊಳ್ಳಲಿ. ದಂಡವನ್ನಾಗಲಿ ಕ್ಯಾನನ್ನಾಗಲಿ ವೈಸಿಗೆ ಸಿಕ್ಕಿಸಿದರೆ ಕತೆ ಮುಗಿಯಿತು. ಟ್ಯೂಬಿನ ತುಂಡನ್ನು ಕ್ಯಾನಿಗೆ ಬಿಗಿಯಾಗಿ ಸುತ್ತಿ ಎಡಕ್ಕೆ ತಿರುಗಿಸಿ. ಒಮ್ಮೆ ಸಡಿಲಾದರೆ ಮುಂದೆ ಕೈಯಲ್ಲೇ ಬರುತ್ತದೆ. ಬಿಟ್ಟುಕೊಳ್ಳುವಾಗ ‘ಟಪ್’ ಎಂಬ ಸಣ್ಣ ಸದ್ದು ಸಹಜ, ಅದಕ್ಕೇ ಮೇಲೊಂದು ಬಟ್ಟೆ ಸುತ್ತಿರಬೇಕು. ಕೆಲವು ಮಾದರಿಗಳಲ್ಲಿ ಮರೆಯ ಬದಲು ತಂತಿಯ ಉಂಗುರ ಕ್ಯಾನನ್ನು ಹಿಡಿದಿರುತ್ತದೆ. ಕಂಪನಿಯ ಚಿತ್ರವನ್ನು ಮೊದಲೇ ನೋಡಿಟ್ಟುಕೊಳ್ಳುವುದು ಇಂಥದ್ದಕ್ಕೇ.

ಈಗ ಒಳಗಿನ ಎಣ್ಣೆಯ ಬಣ್ಣ ನೋಡಿ. ಬೂದಿಗಪ್ಪು ಜಿಡ್ಡು ಸವೆತದ್ದು, ಒರೆಸಿದರಾಯಿತು. ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ. ಹಾಕಿದ್ದು ಒಂದು ಮಿ.ಲೀ. ಆಗಿ, ಸುರಿಯುವುದು ಚಮಚಗಟ್ಟಲೆ ತೆಳು ಎಣ್ಣೆಯಾದರೆ ಡ್ಯಾಂಪರಿನ ಸೀಲ್ ಹೋಗಿ ಅಲ್ಲಿನ ಎಣ್ಣೆ ಇಲ್ಲಿಗೆ ಬಂದಿದೆ. ಆಗ ಹೊಸ ಸೀಲ್ ಹಾಕಿ ಪ್ರಯೋಜನವಿಲ್ಲ. ಕ್ಯಾನನ್ನು ಹಾಗೇ ಕೈಯಲ್ಲಿ ತಿರುಗಿಸಿ ಮುಚ್ಚಿಬಿಡಿ.

ಎಲ್ಲ ಸರಿಯಿದ್ದರೆ ಹಳೆ ಸೀಲುಗಳನ್ನು ತೆಗೆಯುವ ಕೆಲಸ. ಇಲ್ಲಿ ಕೈ ಮೃದುವಾಗಿರಬೇಕು. ಉಕ್ಕಿನ ಸೂಜಿ, ಸ್ಕ್ರೂ ಡ್ರೈವರ್ ಬೇಡ. ಸೀಲ್ ಕೂರುವ ಕಾಲುವೆಯಲ್ಲಿ ಕೂದಲೆಳೆಯಷ್ಟು ಗೀರು ಬಿದ್ದರೂ ಗಾಳಿ ಅಲ್ಲಿಂದಲೇ ಹೋಗುತ್ತದೆ. ಓ-ರಿಂಗನ್ನು ಹೆಬ್ಬೆರಳು ತೋರುಬೆರಳಲ್ಲಿ ಎರಡು ಕಡೆಯಿಂದ ನೂಕಿದರೆ ಒಂದು ಸಣ್ಣ ಗುಬ್ಬು ಏಳುತ್ತದೆ; ಆ ಗುಬ್ಬಿನಡಿ ಚೂಪು ಮಾಡಿದ ಬಿದಿರಿನ ಕಡ್ಡಿ ತೂರಿಸಿ ಎತ್ತಿದರೆ ರಿಂಗು ತಾನಾಗಿ ಸುಲಿದು ಬರುತ್ತದೆ. ಬಿಚ್ಚಿದ್ದನ್ನು ಬಂದ ಕ್ರಮದಲ್ಲೇ ಪೇಪರಿನ ಮೇಲೆ ಜೋಡಿಸಿ, ಒಂದೊಂದಕ್ಕೂ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಓ-ರಿಂಗಿನ ಪಕ್ಕದ ತೆಳು ಬಿಳಿ ಪ್ಲಾಸ್ಟಿಕ್ ಬಳೆ ಎಡಕ್ಕಿತ್ತೋ ಬಲಕ್ಕಿತ್ತೋ ಎಂಬುದು ಅರ್ಧ ಗಂಟೆಯ ಮೇಲೆ ಯಾರಿಗೂ ನೆನಪಿರುವುದಿಲ್ಲ.

ಕಾಲುವೆಗಳನ್ನು ಆಲ್ಕೊಹಾಲ್ ಹಾಕಿದ ಬಟ್ಟೆಯಿಂದ ಒರೆಸಿ. ದಂಡದ ಮೇಲೆ ಉಗುರನ್ನು ಉದ್ದಕ್ಕೆ ಎಳೆಯಿರಿ. ಕಣ್ಣಿಗೆ ಕಂಡರೂ ಉಗುರಿಗೆ ಸಿಗದ ಗೆರೆ ಚಿಂತೆಯಿಲ್ಲ. ಉಗುರು ತಡೆದು ನಿಂತರೆ ಹೊಸ ಸೀಲೂ ಕೆಲವೇ ದಿನದ್ದು, ಆ ಭಾಗವನ್ನೇ ಬದಲಿಸಬೇಕು.

ಹೊಸ ಸೀಲಿಗೆ ಗ್ರೀಸನ್ನು ತೆಳ್ಳಗೆ ಸವರಿ ಕೂರಿಸಿ, ತಿರುಚಿಕೊಂಡಿಲ್ಲವೇ ಎಂದು ಬೆರಳಾಡಿಸಿ ನೋಡಿ. ವೈಪರಿನ ಚೂಪು ತುಟಿ ಹೊರಮುಖವಾಗಿರಬೇಕು. ಎಣ್ಣೆಯನ್ನು ಸಿರಿಂಜಿನಲ್ಲಿ ಅಳೆದು, ಹೇಳಿದಷ್ಟೇ ಹಾಕಿ. ಧಾರಾಳವಾಗಿ ಸುರಿದರೆ ಗಾಳಿಗಿರುವ ಜಾಗ ಕಡಿಮೆಯಾಗಿ ಶಾಕ್ ಕೊನೆಯಲ್ಲಿ ಕಲ್ಲಾಗುತ್ತದೆ. ಕ್ಯಾನನ್ನು ಮರೆಗೆ ನೇರವಾಗಿ ಹಿಡಿದು ಕೈಯಲ್ಲೇ ತಿರುಗಿಸಿ ತನ್ನಿ, ಕೊನೆಯಲ್ಲಿ ಮಾತ್ರ ಟ್ಯೂಬಿನಿಂದ ಬಿಗಿಮಾಡಿ.

ಮತ್ತೆ ಗಾಳಿ

ಒಂದೇ ಸಲಕ್ಕೆ ಪೂರ್ತಿ ಒತ್ತಡ ಕೊಡಬಾರದು. 50 ಪಿಎಸ್‌ಐ ತುಂಬಿ ಶಾಕನ್ನು ಫ್ರೇಮಿಗೆ ಕೂರಿಸಿ, ಬೋಲ್ಟುಗಳನ್ನು ಹೇಳಿದ ಟಾರ್ಕಿಗೆ ಬಿಗಿಮಾಡಿ, ಸೀಟಿನ ಮೇಲೆ ಹತ್ತಿಪ್ಪತ್ತು ಸಲ ನಿಧಾನಕ್ಕೆ ಅದುಮಿ ಬಿಡಿ. ಆಮೇಲೆ 100, ಮತ್ತೆ ಅದುಮುವುದು, ಹೀಗೆ ಮೇಲಕ್ಕೆ ಹೋಗಿ. ಪ್ರತಿ ಸಲ ಅದುಮಿದಾಗಲೂ ನೆಗೆಟಿವ್ ಕೋಣೆಗೆ ಗಾಳಿ ಹಂಚಿಹೋಗುವುದರಿಂದ ಪಂಪಿನ ಮುಳ್ಳು ಇಳಿಯುತ್ತದೆ. ಅದು ಸೋರಿಕೆಯಲ್ಲ. ಮರುದಿನ ಪಂಪ್ ಚುಚ್ಚಿ ನೋಡಿದಾಗ ಹತ್ತಿಪ್ಪತ್ತು ಪಿಎಸ್‌ಐ ಕಡಿಮೆ ತೋರುವುದೂ ಸೋರಿಕೆಯಲ್ಲ, ಪಂಪಿನ ಪೈಪು ತುಂಬಲು ಹೋದ ಗಾಳಿ ಅದು. ನಿಜಕ್ಕೂ ಅನುಮಾನವಿದ್ದರೆ ವಾಲ್ವ್‌ಗೂ ಕ್ಯಾನಿನ ಸಂದಿಗೂ ಸೋಪಿನ ನೀರು ಹಚ್ಚಿ, ಗುಳ್ಳೆ ಏಳುತ್ತದೆಯೇ ನೋಡಿ.

ಕೊನೆಗೆ ಸ್ಯಾಗ್, ಅಂದರೆ ಸವಾರ ಸುಮ್ಮನೆ ಕೂತಾಗ ಶಾಕ್ ಕುಗ್ಗುವ ಪ್ರಮಾಣ. ಓಡಿಸುವಾಗಿನ ಬಟ್ಟೆ, ಬ್ಯಾಗು, ನೀರಿನ ಬಾಟಲಿ ಸಮೇತ ಗೋಡೆಗೆ ಮೊಣಕೈ ಆನಿಸಿ ಸೈಕಲ್ ಮೇಲೆ ಕೂತುಕೊಳ್ಳಿ. ದಂಡದ ಮೇಲಿರುವ ರಬ್ಬರ್ ಉಂಗುರವನ್ನು ಸೀಲಿನವರೆಗೆ ತಳ್ಳಿ, ಜಿಗಿಯದೆ ಇಳಿಯಿರಿ. ಉಂಗುರ ಸರಿದ ದೂರ ಶಾಕಿನ ಒಟ್ಟು ಕುಗ್ಗುವಿಕೆಯ ಶೇ 25ರಿಂದ 30 ಇರಬೇಕು, 50 ಮಿ.ಮೀ. ಶಾಕಿಗೆ ಹನ್ನೆರಡೂವರೆಯಿಂದ 15 ಮಿ.ಮೀ. ಹೆಚ್ಚಿದ್ದರೆ ಗಾಳಿ ತುಂಬಿ, ಕಡಿಮೆಯಿದ್ದರೆ ಬಿಡಿ. ರಿಬೌಂಡನ್ನು ಬರೆದಿಟ್ಟ ಕ್ಲಿಕ್ಕಿಗೆ ತಿರುಗಿಸಿ.

ಸೀಲಲ್ಲ, ಬುಷ್

ಶಾಕ್ ಹೋಗಿದೆ ಎಂದು ಬರುವ ಎಷ್ಟೋ ದೂರುಗಳ ಮೂಲ ಕಣ್ಣಿನೊಳಗಿನ ಬುಷ್. ಸೀಟು ಹಿಡಿದು ಸೈಕಲ್ಲಿನ ಹಿಂಭಾಗವನ್ನು ತುಸು ಎತ್ತಿ ಇಳಿಸಿ. ಚಕ್ರ ಏಳುವ ಮೊದಲೇ ಒಂದು ‘ಟಕ್’ ಕೈಗೆ ಸಿಕ್ಕರೆ ಬುಷ್ ಸವೆದಿದೆ. ಇದನ್ನು ಸುತ್ತಿಗೆಯಿಂದ ಹೊಡೆದು ಕೂರಿಸುವುದಲ್ಲ, ವೈಸಿನಲ್ಲಿ ನೇರವಾಗಿ ಒತ್ತಿ ಕೂರಿಸುವುದು. ವೈಸ್ ಇಲ್ಲದವರು ಹತ್ತಿರದ ಲೇತ್ ಅಂಗಡಿಗೆ ಹಳೆಯದನ್ನೂ ಹೊಸದನ್ನೂ ಒಯ್ದರೆ ಮಾಡಿಕೊಡುತ್ತಾರೆ. ಶಾಕನ್ನು ಅವರ ಕೈಗೆ ಕೊಡುವ ಮೊದಲು ಗಾಳಿ ಇಳಿಸಿರಬೇಕು.

ಡ್ಯಾಂಪರನ್ನು ಬೆಂಗಳೂರಿಗೆ ಕಳಿಸುವಾಗ

ಡ್ಯಾಂಪರ್ ಬಿಚ್ಚಲು ನೈಟ್ರೋಜನ್ ಸಿಲಿಂಡರು, ಅದನ್ನು ತುಂಬುವ ವಿಶೇಷ ಸೂಜಿ, ಗಾಳಿಗುಳ್ಳೆ ಉಳಿಯದಂತೆ ಎಣ್ಣೆ ತುಂಬುವ ಸಲಕರಣೆ ಬೇಕು. ಅಂತರ್ಜಾಲದಲ್ಲಿ ಕೆಲವರು ಇವಿಲ್ಲದೆಯೂ ಮಾಡಿ ತೋರಿಸುತ್ತಾರೆ. ಒಂದು ಗುಳ್ಳೆ ಉಳಿದರೆ ಶಾಕ್ ಮತ್ತೆ ‘ಚಪ್ ಚಪ್’ ಎನ್ನುತ್ತದೆ, ಇದು ಅದೃಷ್ಟ ಚೆನ್ನಾಗಿದ್ದಾಗಿನ ಮಾತು. ನೈಟ್ರೋಜನ್ ಇರುವಾಗಲೇ ತಪ್ಪು ಸ್ಕ್ರೂ ಸಡಿಲಿಸಿದರೆ ಕಣ್ಣಿಗೆ ಅಪಾಯ.

ಮದ್ದೂರು, ಮಳವಳ್ಳಿ ಕಡೆಯವರು ಇದಕ್ಕೆ ಬೆಂಗಳೂರಿನ ಸಸ್ಪೆನ್ಷನ್ ಸರ್ವಿಸಿನವರನ್ನೇ ನಂಬುವುದು ವಾಸಿ. ಇಡೀ ಸೈಕಲ್ ಹೊರಬೇಕಿಲ್ಲ, ಶಾಕನ್ನಷ್ಟೇ ಕೊರಿಯರ್ ಮಾಡಿ. ಗಾಳಿ ಪೂರ್ತಿ ಇಳಿಸಿ, ಬೋಲ್ಟು, ಸ್ಪೇಸರುಗಳನ್ನು ಮನೆಯಲ್ಲೇ ಡಬ್ಬಿಯಲ್ಲಿಟ್ಟು, ಶಾಕಿಗೆ ಬಟ್ಟೆ ಸುತ್ತಿ ಕಳಿಸಿ. ಜೊತೆಗೆ ಒಂದು ಚೀಟಿ ಇರಲಿ: ನಿಮ್ಮ ತೂಕ, ಬಳಸುತ್ತಿದ್ದ ಒತ್ತಡ, ಕಡೆಯ ಸಲ ಏರ್ ಕ್ಯಾನ್ ಬಿಚ್ಚಿದ ತಾರೀಖು.